ಕಾರ್ತಿಕದ ಕೊನೆಯ ಸೋಮವಾರ

ದೀಪಾವಳಿಯ ಪಟಾಕಿಯ ಕಾಗದದ ಚೂರುಗಳನ್ನು ಅಂಗಳದಿಂದ ಗುಡಿಸಿ ಹಾಕಿದ ಮರುದಿನವೇ ಬೆಂಗಳೂರಿನ ಗೃಹಿಣಿಯು ಪೆಟ್ಟಿಗೆಯ ತಳದಲ್ಲಿದ್ದ ಉಣ್ಣೆಯ ಬಟ್ಟೆಗಳನ್ನು ಹೊರತೆಗೆದು ಬಿಸಿಲಿಗೆ ಹಾಕುತ್ತಾಳೆ. ನುಸಿಗುಳಿಗೆಯ ವಾಸನೆ ಓಣಿಯಲ್ಲೆಲ್ಲ ಹರಡಿತೆಂದರೆ ಕಾರ್ತಿಕ ಮಾಸ ಬಂದಿತೆಂದು ಪಂಚಾಂಗವನ್ನು ನೋಡದೆಯೇ ತಿಳಿಯಬಹುದು. ಈ ಊರಿನ ಚಳಿ ನಿಜಕ್ಕೂ ದೊಡ್ಡ ಚಳಿಯೇನಲ್ಲ. ನವೆಂಬರ್ ತಿಂಗಳಲ್ಲಿ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 17-18 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುತ್ತದೆ, ಅಷ್ಟೆ. ಕಾಶ್ಮೀರದವನು ಕೇಳಿದರೆ ನಕ್ಕಾನು. ಆದರೂ ಸಂಜೆ ಐದೂವರೆಯಾಯಿತೆಂದರೆ ಮನೆಯ ಹಿರಿಯರು ಕಿವಿ ಮುಚ್ಚುವ ಟೋಪಿ ಧರಿಸಿ, ಕೊರಳಿಗೆ ಮಫ್ಲರು ಸುತ್ತಿ, ಹಿಮಾಲಯದ ಯಾತ್ರೆಗೆ ಹೊರಟವರಂತೆ ಗಾಂಧಿಬಜಾರಿಗೆ ತರಕಾರಿ ತರಲು ಹೊರಡುತ್ತಾರೆ. ಚಳಿ ಬಂದಿದೆಯೆಂಬ ನಂಬಿಕೆಯಲ್ಲಿಯೇ ಒಂದು ಸಡಗರವುಂಟು. ಬಿಸಿಯಾಗಿ ಏನಾದರೂ ತಿನ್ನುವುದಕ್ಕೂ, ಮನೆಮಂದಿಯೆಲ್ಲ ಕೂಡಿ ಹೊರಗೆ ಹೋಗುವುದಕ್ಕೂ ಅದೇ ನೆಪ.

ಕಾರ್ತಿಕದಲ್ಲಿ ಇಂಥ ನೆಪಗಳಿಗೆ ಬರವಿಲ್ಲ. ಬಲಿಪಾಡ್ಯಮಿಯಿಂದ ಮೊದಲ್ಗೊಂಡು ಪ್ರತಿದಿನ ಸಂಜೆ ಹೊಸ್ತಿಲಿನ ಎರಡು ಬದಿಗೂ ಹಣತೆ. ಶುದ್ಧ ದ್ವಾದಶಿಯಂದು ತುಳಸಿಯ ಕಟ್ಟೆಯಲ್ಲಿ ನೆಲ್ಲಿಯ ಕೊಂಬೆಯನ್ನು ನೆಟ್ಟು ಪುಟ್ಟ ಮದುವೆ. ನೆಲ್ಲಿಯ ಮರದ ನೆರಳಿನಲ್ಲಿ ಬಂಧುಬಳಗದೊಡನೆ ಕುಳಿತು ಉಣ್ಣಬೇಕೆಂಬ ವನಭೋಜನದ ಸಂಪ್ರದಾಯ ಬೇರೆ. ಲಾಲ್‌ಬಾಗಿನ ಬಂಡೆಯ ಬಳಿ ಚಿತ್ರಾನ್ನ ಮೊಸರನ್ನಗಳ ಡಬ್ಬಿಗಳನ್ನು ಬಿಚ್ಚುವಾಗ ನೆಲ್ಲಿಯ ಮರವೇ ಆಗಬೇಕೆಂದು ಯಾರೂ ಹಟ ಹಿಡಿದುದಿಲ್ಲ. ಶಾಸ್ತ್ರಕ್ಕೆ ಒಂದು ನೆಲ್ಲಿಕಾಯಿಯನ್ನು ಉಪ್ಪಿಗೆ ಅದ್ದಿ ಕಡಿದರೆ ಸಾಕು. ಇನ್ನು ಸೋಮವಾರಗಳು. ಕಾರ್ತಿಕದ ಸೋಮವಾರವೆಂದರೆ ಹಿರಿಯರಿಗೆ ಶಿವಪೂಜೆ, ಒಪ್ಪತ್ತು. ಆದರೆ ಆ ಸೋಮವಾರಗಳಲ್ಲಿ ಕಟ್ಟಕಡೆಯದು ಬಂದಾಗ ಬೆಂಗಳೂರಿನಲ್ಲಿ ಉಪವಾಸದ ಮಾತನ್ನು ಯಾರೂ ಆಡುವುದಿಲ್ಲ. ಅಂದು ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ.

ಬಸವನ ಪಾಲು

ಬಸವನಗುಡಿಯ ಗುಡ್ಡದ ಮೇಲಿನ ದೊಡ್ಡ ಬಸವಣ್ಣನ ದೇವಾಲಯವನ್ನು ಕಟ್ಟಿಸಿದವನು ಬೆಂಗಳೂರಿನ ನಿರ್ಮಾಪಕನಾದ ಒಂದನೆಯ ಕೆಂಪೇಗೌಡನೆಂದು ಪ್ರತೀತಿ. ಒಂದೇ ಬಂಡೆಯಲ್ಲಿ ಕಡೆದ ಆ ಬಸವನ ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 20 ಅಡಿ. ಕಲ್ಲಿನ ಸಹಜವಾದ ಬಣ್ಣ ಬೂದು. ತಲೆಮಾರುಗಳಿಂದ ಇದ್ದಲ ಪುಡಿಯನ್ನೂ ಎಣ್ಣೆಯನ್ನೂ ತಿಕ್ಕಿ ತಿಕ್ಕಿ ಅದು ಕನ್ನಡಿಯಂತೆ ಮಿನುಗುವ ಕಪ್ಪಾಗಿದೆ.

ಪರಿಷೆಯ ಹುಟ್ಟಿನ ಕಥೆಯನ್ನು ಬಸವನಗುಡಿಯ ಪ್ರತಿಯೊಬ್ಬ ಅಜ್ಜಿಯೂ ಬಲ್ಲಳು. ಈಗ ಬಡಾವಣೆಗಳಾಗಿರುವ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳು ಒಂದಾನೊಂದು ಕಾಲದಲ್ಲಿ ಕಡಲೆಕಾಯಿಯ ಹೊಲಗಳ ಹಳ್ಳಿಗಳಾಗಿದ್ದುವು. ಬೆಳೆ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಒಂದು ಗೂಳಿ ಇರುಳಿನಲ್ಲಿ ನುಗ್ಗಿ ಹೊಲವನ್ನೆಲ್ಲ ಮೇಯ್ದು ಹೋಗುತ್ತಿತ್ತು. ರೈತರು ಕಾದು ಕುಳಿತು, ಬೆನ್ನಟ್ಟಿ, ದೊಣ್ಣೆಯಿಂದ ಹೊಡೆದರು. ಗೂಳಿ ಗುಡ್ಡದ ಮೇಲೆ ಕಲ್ಲಾಗಿ ಕುಳಿತಿತು. ಕುಳಿತದ್ದಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ಆ ಕಲ್ಲು ದಿನದಿನಕ್ಕೂ ಬೆಳೆಯತೊಡಗಿತು. ಹೆದರಿದ ರೈತರು ಅದರ ನೆತ್ತಿಗೆ ತ್ರಿಶೂಲವನ್ನು ನೆಟ್ಟು ಬೆಳವಣಿಗೆಯನ್ನು ನಿಲ್ಲಿಸಿದರು. ಪ್ರತಿವರ್ಷವೂ ಮೊದಲ ಫಸಲನ್ನು ನಿನಗೇ ಒಪ್ಪಿಸುತ್ತೇವೆಂದು ಹರಕೆ ಹೊತ್ತರು. ಕದ್ದು ತಿನ್ನುತ್ತಿದ್ದವನಿಗೆ ಕರೆದು ಕೊಡುವ ಏರ್ಪಾಡು ಇದು. ವ್ಯವಹಾರದ ದೃಷ್ಟಿಯಿಂದಲೂ ಜಾಣತನದ್ದೇ.

ಸಸ್ಯಶಾಸ್ತ್ರಜ್ಞರು ಈ ಕಥೆಗೆ ಒಂದು ತಕರಾರು ಎತ್ತಬಲ್ಲರು. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಯುರೋಪಿನ ನಾವಿಕರು ಆ ಖಂಡವನ್ನು ಕಂಡ ಮೇಲೆಯೇ ಅದು ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂದದ್ದು. ಇಲ್ಲಿ ವಿಸ್ತಾರವಾಗಿ ಬೆಳೆಯತೊಡಗಿದ್ದು 19ನೆಯ ಶತಮಾನದಲ್ಲಿ. ಹಾಗಿದ್ದರೆ ಬಸವ ಮೇಯ್ದದ್ದು ಯಾವ ಬೆಳೆಯನ್ನು? ಅಜ್ಜಿಯನ್ನು ಈ ಪ್ರಶ್ನೆ ಕೇಳಿದ ಮೊಮ್ಮಗನಿಗೆ ಉತ್ತರ ಸಿಕ್ಕುವುದಿಲ್ಲ, ಬಾಯಿಗೆ ಒಂದು ಹಿಡಿ ಕಡಲೆಕಾಯಿ ಬೀಳುತ್ತದೆ. ಪರದೇಶದಿಂದ ಬಂದ ಗಿಡವೊಂದು ಊರಿನ ಪುರಾಣದೊಳಗೆ ಸೇರಿಕೊಂಡು, ದೇವರ ನೈವೇದ್ಯವೇ ಆಗಿ ಹೋಯಿತೆಂಬುದು ಗೂಳಿ ಕಲ್ಲಾದುದಕ್ಕಿಂತ ಕಡಿಮೆಯ ಪವಾಡವೇನಲ್ಲ.

ಆ ಗಿಡದ ನಡವಳಿಕೆಯೂ ವಿಚಿತ್ರವೇ. ಹಳದಿಯ ಹೂ ನೆಲದ ಮೇಲೆ ಅರಳುತ್ತದೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಒಂದು ಎಳೆಯ ಮೊನೆ ಕೆಳಮುಖವಾಗಿ ಬೆಳೆದು ಮಣ್ಣನ್ನು ಹೊಕ್ಕು, ಕಣ್ಣಿಗೆ ಕಾಣದಂತೆ ಅಲ್ಲಿ ಕಾಯಾಗುತ್ತದೆ. ಜೂನ್ ಜುಲೈ ತಿಂಗಳ ಮಳೆಗೆ ಬಿತ್ತಿದ ಕಾಯಿ ನಾಲ್ಕು ತಿಂಗಳಿಗೆ, ಅಂದರೆ ಅಕ್ಟೋಬರ್ ನವೆಂಬರ್ ವೇಳೆಗೆ ಬಲಿಯುತ್ತದೆ. ಕೆಂಪು ಮರಳು ಮಣ್ಣಿನಲ್ಲಿ ಗಿಡವನ್ನು ಹಿಡಿದೆಳೆದರೆ ಗೊಂಚಲಿಗೆ ಗೊಂಚಲೇ ಎದ್ದು ಬರುತ್ತದೆ. ಕಾರ್ತಿಕದ ಕೊನೆಗೂ ಹೊಸ ಕಡಲೆಕಾಯಿಗೂ ಇರುವ ನಂಟು ಇಷ್ಟು ಸರಳ. ಹಬ್ಬವನ್ನು ಗೊತ್ತುಮಾಡಿದವರು ಪಂಚಾಂಗದ ಜೊತೆಗೆ ಹೊಲವನ್ನೂ ನೋಡಿದ್ದರು.

ಸೇರು ಮತ್ತು ಕೊಸರು

ಪರಿಷೆಗೆ ಸರಕಾರಿ ರಜೆಯಿಲ್ಲ. ಸೋಮವಾರ ಕಚೇರಿಯೂ ಉಂಟು, ಶಾಲೆಯೂ ಉಂಟು. ಆದುದರಿಂದ ಗೃಹಸ್ಥರ ದಂಡು ಬರುವುದು ಸಂಜೆಯ ಮೇಲೆ. ಆದರೆ ವ್ಯಾಪಾರಿಗಳು ಎರಡು ಮೂರು ದಿನ ಮೊದಲೇ ಬಂದು ಜಾಗ ಹಿಡಿದಿರುತ್ತಾರೆ. ಮಾಗಡಿ, ರಾಮನಗರ, ಕನಕಪುರ, ಕೋಲಾರ, ಚಿಂತಾಮಣಿ, ಶ್ರೀನಿವಾಸಪುರ, ತುಮಕೂರುಗಳ ಕಡೆಯವರು ಕೆಲವರು. ಆಂಧ್ರ, ತಮಿಳುನಾಡುಗಳಿಂದ ಬಂದವರು ಕೆಲವರು. ಬುಲ್ ಟೆಂಪಲ್ ರಸ್ತೆಯ ಎರಡು ಅಂಚಿನಲ್ಲಿಯೂ ಗೋಣಿಯ ತಾಟನ್ನು ಹಾಸಿ, ಅದರ ಮೇಲೆ ಕಡಲೆಕಾಯಿಯ ರಾಶಿಗಳನ್ನು ಸುರಿದಾಗ, ವರ್ಷವೆಲ್ಲ ಮೋಟಾರುಗಳ ಸದ್ದಿನಿಂದ ತುಂಬಿದ್ದ ಆ ಬೀದಿ ಮರಳಿ ಹಳ್ಳಿಯ ಕಣವಾಗುತ್ತದೆ. ಒಂದು ಕಡೆ ಹಸಿಯ ಕಾಯಿ, ಮಣ್ಣು ಇನ್ನೂ ಅಂಟಿಕೊಂಡಿರುವುದು. ಇನ್ನೊಂದು ಕಡೆ ಉಪ್ಪು ಹಾಕಿ ಬೇಯಿಸಿದ್ದು, ಹಬೆಯಾಡುವುದು. ಮತ್ತೊಂದು ಕಡೆ ಬಾಣಲೆಯ ಬಿಸಿ ಮರಳಿನಲ್ಲಿ ಹುರಿದದ್ದು. ಹುರಿಯುವ ವಾಸನೆ ಗಾಂಧಿಬಜಾರಿನ ತಿರುವಿಗೇ ಬಂದು ಜನರನ್ನು ಎದುರುಗೊಳ್ಳುತ್ತದೆ.

ಪರಿಷೆಯ ಮೊದಲ ಸುಖ ಕೊಳ್ಳುವುದಲ್ಲ, ರುಚಿ ನೋಡುವುದು. ಪ್ರತಿಯೊಂದು ರಾಶಿಯ ಮುಂದೆಯೂ ನಿಂತು, ಒಂದು ಕಾಯನ್ನು ಎತ್ತಿ, ಬೆರಳಿನಿಂದ ಒತ್ತಿ ಸಿಡಿಸಿ, ಬೀಜವನ್ನು ಬಾಯಿಗೆ ಹಾಕಿಕೊಂಡು, ತೀರ್ಪುಗಾರರ ಗಾಂಭೀರ್ಯದಿಂದ ತಲೆಯಾಡಿಸಿ ಮುಂದಿನ ರಾಶಿಗೆ ಹೋಗಬಹುದು. ಯಾವ ವ್ಯಾಪಾರಿಯೂ ಬೇಡವೆನ್ನುವುದಿಲ್ಲ. ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಹುಡುಗರ ಹೊಟ್ಟೆ ತುಂಬಿರುತ್ತದೆ. ಅನಂತರ ಗೃಹಿಣಿಯ ಕಾರ್ಯಭಾರ ಮೊದಲಾಗುತ್ತದೆ.

“ಸೇರಿಗೆ ಎಷ್ಟಪ್ಪಾ?”

ಅವನು ಒಂದು ಬೆಲೆ ಹೇಳುತ್ತಾನೆ. ಆಕೆ ಕೇಳಬಾರದುದನ್ನು ಕೇಳಿದವಳಂತೆ ಎರಡು ಹೆಜ್ಜೆ ಮುಂದೆ ಹೋಗುತ್ತಾಳೆ.

“ಬನ್ನಿ ಅಮ್ಮಾ, ಬನ್ನಿ. ನಿಮ್ಮ ಹತ್ರ ಹೆಚ್ಚಿಗೆ ಕೇಳ್ತೀನಾ? ಇದು ನಮ್ಮ ಹೊಲದ್ದೇ. ಬಾಯಿಗೆ ಹಾಕ್ಕೊಂಡು ನೋಡಿ, ಆಮೇಲೆ ಹೇಳಿ.”

“ಹೋದ ವರ್ಷ ಇದರ ಅರ್ಧಕ್ಕೆ ಕೊಟ್ಟಿದ್ದೆಯಲ್ಲಪ್ಪಾ.”

ಹೋದ ವರ್ಷ ಕೊಟ್ಟವನು ಇವನೇ ಎಂಬುದಕ್ಕೆ ಆಧಾರವೇನೂ ಇಲ್ಲ. ಅವನೂ ಅದನ್ನು ಕೇಳುವುದಿಲ್ಲ. ಈ ಸಂಭಾಷಣೆ ಪೂಜೆಯ ಮಂತ್ರದಂತೆ ಗೊತ್ತಾದ ಕ್ರಮದಲ್ಲಿ ನಡೆದು, ಗೊತ್ತಾದ ಕಡೆ ಮುಗಿಯುತ್ತದೆ. ದೇಶದಲ್ಲಿ ದಶಮಾನ ಪದ್ಧತಿಯ ತೂಕ ಅಳತೆಗಳು 1950ರ ದಶಕದ ಕೊನೆಯಿಂದ ಜಾರಿಗೆ ಬಂದುವು. ಅಂಗಡಿಗಳಲ್ಲಿ ಸೇರು, ಪಾವು, ಚಟಾಕುಗಳ ಕಾಲ ಮುಗಿಯಿತು. ಪರಿಷೆಯಲ್ಲಿ ಮಾತ್ರ ಸೇರಿನ ಪಾತ್ರೆ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ. ಅದಕ್ಕೆ ಕಾರಣವನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ತಕ್ಕಡಿಯ ಮುಳ್ಳು ನಡುವೆ ನಿಂತರೆ ಅಲ್ಲಿಗೆ ವ್ಯವಹಾರ ತೀರಿತು. ಸೇರಿನ ಮೇಲಾದರೋ ಕಾಯನ್ನು ಗೋಪುರದಂತೆ ಏರಿಸಬಹುದು, ಏರಿಸಿದ ಮೇಲೂ ಕೈಚೀಲಕ್ಕೆ ಇನ್ನೊಂದು ಹಿಡಿ ಹಾಕಬಹುದು. ಆ ಕೊನೆಯ ಹಿಡಿಗೆ ಕೊಸರು ಎಂದು ಹೆಸರು. ಬೆಲೆಯಲ್ಲಿ ಎರಡು ರೂಪಾಯಿ ಬಿಟ್ಟುಕೊಡಲು ಒಪ್ಪದ ರೈತ ಕೊಸರು ಹಾಕಲು ಹಿಂದೆಗೆಯುವುದಿಲ್ಲ. ಜೊತೆಯಲ್ಲಿ ಮಗುವಿದ್ದರೆ ಅದರ ಬೊಗಸೆಗೆ ಬೇರೆಯೇ ಕೊಸರು. ಚೌಕಾಸಿಯಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂಬ ಲೆಕ್ಕ ಅಲ್ಲಿಗೆ ಅಳಿಸಿಹೋಗುತ್ತದೆ.

ಕಡಲೆಕಾಯಿಯ ಬೆನ್ನಿಗೆ ಜಾತ್ರೆಯ ಉಳಿದ ಪರಿವಾರವೆಲ್ಲ ಬಂದೇ ಬರುತ್ತದೆ. ಬೆಂಡು, ಬತ್ತಾಸು, ಕಲ್ಯಾಣಸೇವೆ, ಕಡಲೆಪುರಿ. ಗಾಜಿನ ಬಳೆ, ಮಣ್ಣಿನ ಬೊಂಬೆ, ಪೀಪಿ, ಗಿರಗಿಟ್ಟಲೆ. ಪೀಪಿಯನ್ನು ಕೊಡಿಸಿದ ತಂದೆ ಮನೆ ತಲಪುವುದರೊಳಗೆ ಪಶ್ಚಾತ್ತಾಪ ಪಡುತ್ತಾನೆ. ಗುಡಿಯ ಮುಂದಿನ ಸಾಲು ಬಂಡೆಯನ್ನು ಸುತ್ತಿಕೊಂಡು ನಿಂತಿರುತ್ತದೆ. ಪಕ್ಕದ ದೊಡ್ಡ ಗಣಪತಿಗೂ ಕೈಮುಗಿದು, ಬಸವನ ಪ್ರಸಾದವೆಂದು ಪೂಜಾರಿ ಕೊಟ್ಟ ನಾಲ್ಕು ಕಡಲೆಕಾಯಿಯನ್ನು ಕಣ್ಣಿಗೊತ್ತಿಕೊಂಡು ಕೆಳಗಿಳಿದರೆ ಧಾರ್ಮಿಕ ಭಾಗ ಮುಗಿಯಿತು. ಉಳಿದದ್ದು ಹೋಟೆಲು. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನ ಗಾಂಧಿಬಜಾರಿನಲ್ಲಿಯೇ ಇದೆ. ಅದರ ಮಸಾಲೆ ದೋಸೆಗೆ ಕಾಯುವವರ ಗುಂಪು ವರ್ಷದ ಬೇರೆ ದಿನಗಳಲ್ಲಿಯೂ ಸಣ್ಣದಲ್ಲ.

ಸೆರಗಿನ ಗಂಟಿನೊಡನೆ ಮ್ಯಾಟಿನಿಗೆ

ಹಿಂದಿನ ತಲೆಮಾರಿನ ಮನೆಗಳಲ್ಲಿ ಕಾರ್ತಿಕದ ಈ ವಿಹಾರಕ್ಕೆ ಇನ್ನೊಂದು ಭಾಗವಿತ್ತು. ಪರಿಷೆಯಲ್ಲಿ ಕೊಂಡ ಕಡಲೆಕಾಯಿಯನ್ನು ಮರುದಿನ ಮನೆಯಲ್ಲಿ ಹುರಿದು, ಆ ವಾರವೇ ಒಂದು ಸಿನಿಮಾ. ಮಳೆ ಹಿಂದೆಗೆದಿರುತ್ತದೆ, ಶಾಲೆಯ ಪರೀಕ್ಷೆ ಇನ್ನೂ ದೂರ, ಹಬ್ಬಕ್ಕೆ ಬಂದ ಅತ್ತಿಗೆ ನಾದಿನಿಯರು ಇನ್ನೂ ಊರಿಗೆ ಹೊರಟಿರುವುದಿಲ್ಲ. ಚಿತ್ರಮಂದಿರಕ್ಕೆ ಹೋಗಲು ಇದಕ್ಕಿಂತ ಪ್ರಶಸ್ತವಾದ ಕಾಲವಿಲ್ಲ.

ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡದ್ದು 1934ರ ಮಾರ್ಚಿಯಲ್ಲಿ. ಅಲ್ಲಿಂದ ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಕೆಂಪೇಗೌಡ ರಸ್ತೆ ಮತ್ತು ಗಾಂಧಿನಗರಗಳ ಸುತ್ತ ಚಿತ್ರಮಂದಿರಗಳ ಒಂದು ಪೇಟೆಯೇ ಬೆಳೆಯಿತು. ಸಾಗರ್, ಕೆಂಪೇಗೌಡ, ಸ್ಟೇಟ್ಸ್, ಹಿಮಾಲಯ, ಗೀತಾ, ಅಲಂಕಾರ್, ತ್ರಿವೇಣಿ, ಮೇನಕಾ ಎಂದು ಹೆಸರುಗಳನ್ನು ಹೇಳುತ್ತ ಹೋದರೆ ಹಳಬರ ಕಣ್ಣು ಹೊಳೆಯುತ್ತದೆ. ಊರಿನ ಅಂಚಿನಲ್ಲಿದ್ದವರಿಗೆ ಟೂರಿಂಗ್ ಟಾಕೀಸು. ಡೇರೆಯ ಧ್ವನಿವರ್ಧಕದಲ್ಲಿ ಘಂಟಸಾಲರ ಕಂಠದ ವೆಂಕಟೇಶ್ವರನ ಭಕ್ತಿಗೀತೆ ಕೇಳಿಸಿತೆಂದರೆ ಟಿಕೇಟು ಕೊಡಲು ಮೊದಲು ಮಾಡಿದ್ದಾರೆಂದು ಅರ್ಥ. ಅಡುಗೆಮನೆಯಲ್ಲಿ ಸಾರಿನ ಪಾತ್ರೆಯನ್ನು ಅವಸರದಿಂದ ಇಳಿಸುತ್ತಿದ್ದರು.

ಮನೆಮಂದಿಯೆಲ್ಲ ಸಿನಿಮಾಕ್ಕೆ ಹೋಗುವುದೆಂದರೆ ಸಾಮಾನ್ಯ ಸಿದ್ಧತೆಯಲ್ಲ. ಮಧ್ಯಾಹ್ನ ಎರಡೂವರೆಯ ಮ್ಯಾಟಿನಿಗೆ ಹನ್ನೆರಡಕ್ಕೇ ಊಟ ಮುಗಿಯಬೇಕು. ಟಿಕೇಟಿನ ಕಿಂಡಿಯಲ್ಲಿ ಹೆಂಗಸರ ಸಾಲು ಬೇರೆ, ಅದು ಯಾವಾಗಲೂ ಚಿಕ್ಕದು. ಆದುದರಿಂದ ಮನೆಯಲ್ಲಿ ಯಾವ ವಿಷಯಕ್ಕೂ ಮುಂದೆ ಬಾರದ ಅಜ್ಜಿಯೇ ಆ ದಿನ ಸೇನಾನಿ. ಸೊಸೆಯಂದಿರು ಕೊಟ್ಟ ಹಣವನ್ನು ಮುಷ್ಟಿಯಲ್ಲಿ ಹಿಡಿದು, ಜಾಲರಿಯೊಳಗೆ ಕೈ ತೂರಿಸಿ, ಹನ್ನೊಂದು ಟಿಕೇಟನ್ನು ಗೆದ್ದು ಬರುವಾಗ ಆಕೆಯ ಮುಖದ ಕಳೆಯನ್ನು ನೋಡಬೇಕಾಗಿತ್ತು. ಸರಕಾರದ ಫಿಲ್ಮ್ಸ್ ಡಿವಿಜನ್ 1948ರಲ್ಲಿ ಆರಂಭವಾದ ಮೇಲೆ ಕಥಾಚಿತ್ರಕ್ಕೆ ಮೊದಲು ಅದರ ವಾರ್ತಾಚಿತ್ರ ಕಡ್ಡಾಯವಾಯಿತು. ಅಣೆಕಟ್ಟಿನ ಉದ್ಘಾಟನೆಯನ್ನೋ ಪ್ರವಾಹದ ದೃಶ್ಯವನ್ನೋ ತೋರಿಸುತ್ತಿರುವಾಗ, ತಡವಾಗಿ ಬಂದವರು ಕತ್ತಲಲ್ಲಿ ಇತರರ ಕಾಲು ತುಳಿಯುತ್ತ ಒಳಗೆ ಬರುತ್ತಿದ್ದರು. ಹೊರಗೆ ಕೆಲವೇ ಕಾಸಿಗೆ ಹಾಡಿನ ಪುಸ್ತಕ ಸಿಕ್ಕುತ್ತಿತ್ತು. ಅದರಲ್ಲಿ ಕಥೆಯನ್ನು ಮುಕ್ಕಾಲು ಪಾಲು ಹೇಳಿ, ನಾಯಕಿ ಸಂಕಟದಲ್ಲಿರುವಾಗಲೇ ನಿಲ್ಲಿಸಿ, ಉಳಿದುದನ್ನು ತೆರೆಯ ಮೇಲೆ ನೋಡಿರೆಂದು ಮುಗಿಸುವುದು ಪದ್ಧತಿ.

ಒಳಗೆ, ದೀಪ ಆರಿದ ಮೇಲೆ, ಸೆರಗಿನ ಗಂಟು ಬಿಚ್ಚಿಕೊಳ್ಳುತ್ತಿತ್ತು. ಪರಿಷೆಯ ಕಡಲೆಕಾಯಿ ಸಾಲಿನ ಈ ಕೊನೆಯಿಂದ ಆ ಕೊನೆಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಪಕ್ಕದಲ್ಲಿ ಕುಳಿತ ಅಪರಿಚಿತರ ಕೈಗೂ ನಾಲ್ಕು ಬೀಳುತ್ತಿದ್ದುವು. ತೆರೆಯ ಮೇಲೆ ದುಃಖದ ಸನ್ನಿವೇಶ ಬಂದಾಗ ಸಿಪ್ಪೆ ಒಡೆಯುವ ಸದ್ದು ನಿಲ್ಲುತ್ತಿತ್ತು, ಹಾಸ್ಯ ಬಂದಾಗ ಮತ್ತೆ ಮೊದಲಾಗುತ್ತಿತ್ತು. ಆಟ ಬಿಟ್ಟ ಮೇಲೆ ಕುರ್ಚಿಗಳ ಕೆಳಗಿನ ಸಿಪ್ಪೆಯನ್ನು ಗುಡಿಸಬೇಕಾದವರ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಹೆಂಗಸರು ತುಂಬಿದ ಮ್ಯಾಟಿನಿಗಳ ಹಿಂದೆ ಕಾದಂಬರಿಯ ಬಲವೂ ಇತ್ತು. ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ, ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ 1969ರಲ್ಲಿ, ಮತ್ತೆ ತ್ರಿವೇಣಿಯವರದೇ ‘ಶರಪಂಜರ’ 1971ರಲ್ಲಿ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ತೆರೆಗೆ ಬಂದಾಗ, ಕಥೆ ಮೊದಲೇ ಗೊತ್ತಿದ್ದವರೇ ಹೆಚ್ಚಾಗಿ ನೋಡಲು ಹೋದರು. ಮಧ್ಯಾಹ್ನದ ಬಿಡುವಿನಲ್ಲಿ ಓದಿ ಕಣ್ಣೀರು ಹಾಕಿದ್ದನ್ನು ಹತ್ತು ಜನರ ನಡುವೆ ಕುಳಿತು ಮತ್ತೊಮ್ಮೆ ಹಾಕುವುದರಲ್ಲಿ ಒಂದು ಸಮಾಧಾನವಿದೆ. ಪುಸ್ತಕದಲ್ಲಿದ್ದುದು ಚಿತ್ರದಲ್ಲಿ ಬಿಟ್ಟುಹೋಗಿದೆಯೆಂದು ಆಕ್ಷೇಪಿಸುವ ಅಧಿಕಾರವೂ ಬರುತ್ತದೆ. ಆ ಚರ್ಚೆ ಮನೆಗೆ ನಡೆದುಕೊಂಡು ಬರುವ ದಾರಿಗೆ ಸರಿಹೋಗುತ್ತಿತ್ತು.

ಚಳಿಗಾಲದ ಆರಂಭ ಚಿತ್ರೋದ್ಯಮಕ್ಕೂ ಹಲವು ಸಲ ಒಲಿದಿದೆ. ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ ಬಿಡುಗಡೆಯಾದದ್ದು 1972ರ ಡಿಸೆಂಬರ್ ಕೊನೆಯಲ್ಲಿ; ‘ಮುಂಗಾರು ಮಳೆ’, ಹೆಸರು ಮಳೆಗಾಲದ್ದಾದರೂ, 2006ರ ಡಿಸೆಂಬರ್ ಕೊನೆಯಲ್ಲಿ. ‘ಕೆ. ಜಿ. ಎಫ್.’ನ ಮೊದಲ ಭಾಗವೂ 2018ರ ಡಿಸೆಂಬರಿನದೇ.

ಹೆಸರು ಉಳಿದಿದೆ

ಬೆಂಗಳೂರಿಗೆ ಹೊಸಬರಾಗಿ ಬಂದವರು ಬಸ್ಸಿನಲ್ಲಿ ‘ಮೆಜೆಸ್ಟಿಕ್’ ಎಂದು ಟಿಕೇಟು ಕೇಳುತ್ತಾರೆ. ಅದು ಒಂದು ಚಿತ್ರಮಂದಿರದ ಹೆಸರೆಂಬುದು ಅವರಲ್ಲಿ ಅನೇಕರಿಗೆ ತಿಳಿಯದು. ಚಿತ್ರಮಂದಿರ ಎಂದೋ ಹೋಯಿತು, ಬಡಾವಣೆಗೆ ಹೆಸರು ಅಂಟಿಕೊಂಡಿತು. ಮಿನರ್ವ ವೃತ್ತದ ಕಥೆಯೂ ಅದೇ. ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1936ರಿಂದ ಇದ್ದ ಪ್ಲಾಜಾ ಇಲ್ಲವಾಗಿ ಅಲ್ಲಿ ಮೆಟ್ರೋ ನಿಲ್ದಾಣ ಎದ್ದಿದೆ. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ, 1,400ಕ್ಕೂ ಹೆಚ್ಚು ಆಸನಗಳಿದ್ದ ಕಪಾಲಿ 2017ರಲ್ಲಿ ಮುಚ್ಚಿತು. ರಾಜಕುಮಾರರ ‘ಬಂಗಾರದ ಮನುಷ್ಯ’ 1972ರಲ್ಲಿ ತೆರೆಕಂಡು ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಓಡಿತು. ಬರಡು ನೆಲವನ್ನು ಹಸನು ಮಾಡಿ ಬೆಳೆ ತೆಗೆದ ಒಬ್ಬ ಕೃಷಿಕನ ಕಥೆಯನ್ನು ನಗರದ ಜನ ಎರಡು ವರ್ಷ ಬಿಡದೆ ನೋಡಿದರೆಂಬುದನ್ನು ಪರಿಷೆಯ ಸಂದರ್ಭದಲ್ಲಿ ನೆನೆಯುವುದು ಉಚಿತವಾಗಿಯೇ ಇದೆ.

ಸಿನಿಮಾ ಹೋಗಲಿಲ್ಲ, ಮನೆ ಬದಲಾಯಿಸಿತು. ಕೋರಮಂಗಲದ ವಾಣಿಜ್ಯ ಸಂಕೀರ್ಣವೊಂದರಲ್ಲಿ 2004ರಲ್ಲಿ ಹನ್ನೊಂದು ತೆರೆಗಳ ಮಲ್ಟಿಪ್ಲೆಕ್ಸು ಬಂದಿತು. ‘ಮುಂಗಾರು ಮಳೆ’ ಅಂಥ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕಿಂತಲೂ ಹೆಚ್ಚು ಕಾಲ ನಡೆದು, ಅಲ್ಲಿ ಕನ್ನಡಕ್ಕೆ ಎಡೆಯಿಲ್ಲವೆಂದವರ ಬಾಯಿ ಮುಚ್ಚಿಸಿತು. ಕುರ್ಚಿ ಮೆತ್ತಗೆ, ಶಬ್ದ ಸ್ಪಷ್ಟ, ನೆಲದಲ್ಲಿ ಸಿಪ್ಪೆಯಿಲ್ಲ. ಇವೆಲ್ಲ ಒಳ್ಳೆಯದೇ. ಆದರೆ ಹನ್ನೊಂದು ಜನರ ಮನೆ ಅಲ್ಲಿ ಒಟ್ಟಿಗೆ ಹೋಗುವುದು ಅಪರೂಪ. ಟಿಕೇಟಿನ ದರವನ್ನು ಹನ್ನೊಂದರಿಂದ ಗುಣಿಸಿ ನೋಡಿದ ಯಜಮಾನ, ಮನೆಯಲ್ಲಿಯೇ ದೂರದರ್ಶನದಲ್ಲಿ ಬರುವವರೆಗೆ ಕಾಯೋಣವೆನ್ನುತ್ತಾನೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವು ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚು ದರ ಇರಕೂಡದೆಂದು ನಿಯಮ ಮಾಡಿತು. ಅದೇ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯ ಅದಕ್ಕೆ ಮಧ್ಯಂತರ ತಡೆ ನೀಡಿತು.

ಸೆರಗಿನ ಗಂಟಿನ ಪ್ರಶ್ನೆಯಂತೂ ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಹೋಯಿತು. ಹೊರಗಿನ ತಿಂಡಿಯನ್ನು ಒಳಗೆ ತರಬಾರದೆಂದು ಹೇಳುವ ಹಕ್ಕು ಚಿತ್ರಮಂದಿರದ ಒಡೆಯನಿಗೆ ಉಂಟೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಎಳೆಯ ಮಕ್ಕಳ ಆಹಾರವನ್ನು ತಡೆಯಬಾರದು ಎಂದೂ ಹೇಳಿತು. ಕಾನೂನು ಸರಿಯೇ ಇರಬಹುದು. ಆದರೆ ಬಾಗಿಲಿನಲ್ಲಿ ಚೀಲ ತಪಾಸಣೆಗೆ ನಿಂತ ಹುಡುಗ ‘ಅಜ್ಜಿ, ಇದನ್ನು ಇಲ್ಲೇ ಇಟ್ಟು ಹೋಗಿ’ ಎಂದು ವಿನಯದಿಂದಲೇ ಹೇಳಿದಾಗ, ಒಂದು ಪಾವು ಹುರಿದ ಕಡಲೆಕಾಯಿಯನ್ನು ಅವನ ಮೇಜಿನ ಮೇಲೆ ಇಟ್ಟು ಒಳಗೆ ಹೋಗುವ ಮುದುಕಿಗೆ ಅರ್ಧ ಚಿತ್ರ ಅಲ್ಲಿಯೇ ಉಳಿದಂತಾಗುತ್ತದೆ. ಒಳಗೆ ಕೊಳ್ಳುವ ಜೋಳದ ಅರಳಿಗೆ ಕೊಸರು ಕೇಳುವಂತಿಲ್ಲ.

ರಸ್ತೆಯಲ್ಲಿ ಉಳಿದವರು

ಹೀಗೆ ವಿಹಾರದ ಎರಡನೆಯ ಭಾಗ ಸೊರಗಿದ ಕಾಲದಲ್ಲಿಯೇ ಮೊದಲನೆಯ ಭಾಗ ಊದಿಕೊಂಡಿರುವುದು ಆಶ್ಚರ್ಯ. ಒಂದು ದಿನದ ಪರಿಷೆ ಎರಡು ಮೂರು ದಿನಕ್ಕೆ ಬೆಳೆದು, 2025ರಲ್ಲಿ ಐದು ದಿನಗಳವರೆಗೆ ವಿಸ್ತರಿಸಿತು. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಾಲಯದ ಬಳಿಯೂ ಈಚಿನ ವರ್ಷಗಳಲ್ಲಿ ಇಂಥದೇ ಪರಿಷೆ ಸೇರುತ್ತಿದೆ. ಪ್ಲಾಸ್ಟಿಕ್ ಚೀಲ ಬೇಡ, ಬಟ್ಟೆಯ ಚೀಲ ತನ್ನಿರೆಂಬ ಪ್ರಚಾರವೂ ನಡೆಯುತ್ತದೆ; ಅಜ್ಜಿಯರಿಗೆ ಇದು ಹೊಸ ಉಪದೇಶವೇನೂ ಅಲ್ಲ. ದೂರದ ಬಡಾವಣೆಗಳ ಗಗನಚುಂಬಿ ಮನೆಗಳಲ್ಲಿರುವ, ಕನ್ನಡ ಬಾರದ ಎಳೆಯ ಉದ್ಯೋಗಿಗಳು ಕ್ಯಾಮರಾ ಹಿಡಿದು ಬರುತ್ತಾರೆ, ‘ಎಷ್ಟಪ್ಪಾ’ ಎಂಬ ಒಂದು ಮಾತನ್ನು ಕಲಿತು ಹೋಗುತ್ತಾರೆ. ಒಳಬರಲು ಟಿಕೇಟಿಲ್ಲ, ಮನೆಯಲ್ಲಿ ಎಷ್ಟು ಜನರಿದ್ದಾರೆಂದು ಗುಣಿಸಬೇಕಾಗಿಲ್ಲ. ಪರಿಷೆಯ ಬಾಳಿಕೆಯ ಗುಟ್ಟು ಬಹುಶಃ ಇದರಲ್ಲಿಯೇ ಇದೆ.

ಆದರೆ ರಾಶಿಯ ಹಿಂದೆ ಕುಳಿತವನಿಗೆ ಇದು ವಿಹಾರವಲ್ಲ. ಕಥೆಯಲ್ಲಿ ಬರುವ ನಾಲ್ಕು ಹಳ್ಳಿಗಳಲ್ಲಿ ಒಂದರಲ್ಲಿಯೂ ಈಗ ಕಡಲೆಕಾಯಿಯ ಗಿಡವಿಲ್ಲ. ಮಾವಳ್ಳಿಯ ಹೆಸರು ಜಗತ್ತಿಗೆ ಗೊತ್ತಿರುವುದು 1924ರಲ್ಲಿ ಮೊದಲಾದ ಮಾವಳ್ಳಿ ಟಿಫಿನ್ ರೂಮ್ಸ್‌ನಿಂದ. ಬಸವನ ಪಾದದ ಬಳಿ ಹುಟ್ಟಿತೆನ್ನುವ ವೃಷಭಾವತಿ ನಗರದ ಕೊಳೆಯನ್ನು ಹೊತ್ತು ಹರಿಯುತ್ತಿದೆ. ಹೊಲಗಳು ಮಾಗಡಿಗೆ, ಕನಕಪುರಕ್ಕೆ, ಅಲ್ಲಿಂದಲೂ ಆಚೆಗೆ ಹಿಂದೆ ಸರಿದುವು. ಕಿತ್ತ ಗಿಡವನ್ನು ಹೊಲದಲ್ಲಿ ಹರಡಿದ ಮೇಲೆ ಒಂದು ಮಳೆ ಬಿದ್ದರೆ ಕಾಯಿ ಕಪ್ಪಾಗುತ್ತದೆ, ಕೆಲವು ಜಾತಿಯದು ಮೊಳಕೆಯೊಡೆಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯುವುದು ಹೆಚ್ಚಾಗಿ ಈ ತಿಂಗಳುಗಳಲ್ಲಿಯೇ. ಅದನ್ನು ದಾಟಿ ಬಂದ ಕಾಯನ್ನು ಲಾರಿಗೆ ಬಾಡಿಗೆ ಕೊಟ್ಟು ತಂದು ರಸ್ತೆಯಲ್ಲಿ ಸುರಿದ ಮೇಲೆ ಮತ್ತೆ ಮೋಡ ಕವಿದರೆ, ನೋಡಲು ಬಂದವರು ಕೊಡೆ ಬಿಚ್ಚಿ ಮನೆಗೆ ಹೋಗಬಹುದು, ಅವನು ತಾಡಪಾಲನ್ನು ರಾಶಿಗೆ ಹೊದಿಸಿ ತಾನು ನೆನೆಯುತ್ತ ನಿಲ್ಲಬೇಕು. ಹಸಿಯ ಕಾಯನ್ನು ಹಿಂದಕ್ಕೆ ಒಯ್ದು ಇಟ್ಟುಕೊಳ್ಳುವಂತಿಲ್ಲ, ಬೂಷ್ಟು ಹಿಡಿಯುತ್ತದೆ. ಕೊನೆಯ ದಿನದ ಸಂಜೆ ಬೆಲೆ ಇಳಿಯುವುದು ಇದೇ ಕಾರಣದಿಂದ. ಚೌಕಾಸಿಯಲ್ಲಿ ನುರಿತ ಗೃಹಿಣಿಯರು ಆ ಸಂಜೆಗಾಗಿಯೇ ಕಾದಿರುತ್ತಾರೆ. ಅವರಲ್ಲಿ ಕೆಲವರು ಮಾತ್ರ, ಅಂಥ ಸಂಜೆ ಬೆಲೆಯನ್ನು ಕೇಳಿ, ಒಂದು ಮಾತೂ ಆಡದೆ ಕೊಟ್ಟುಬಿಡುತ್ತಾರೆ.

ರಾತ್ರಿ ಹತ್ತೂವರೆಯ ಮೇಲೆ ದೇವಾಲಯದ ದೀಪಾಲಂಕಾರದ ಕೆಳಗೆ ಜನ ತೆಳುವಾಗುತ್ತಾರೆ. ಕಾಲಿಟ್ಟಲ್ಲೆಲ್ಲ ಸಿಪ್ಪೆ ಪಟಪಟನೆ ಒಡೆಯುತ್ತದೆ. ಕಂಬಳಿ ಹೊದ್ದ ರೈತನೊಬ್ಬ ಸೇರಿನ ಪಾತ್ರೆಯನ್ನು ಬೋರಲು ಹಾಕಿ, ಅದರ ಮೇಲೆ ನೋಟುಗಳನ್ನು ಇಟ್ಟು ಎಣಿಸುತ್ತಾನೆ. ಅವನ ಹೆಂಡತಿ ಉಳಿದ ಕಾಯನ್ನು ಗೋಣಿಗೆ ತುಂಬುತ್ತಾಳೆ. ಕೊನೆಯ ಬಸ್ಸಿಗೆ ಓಡುತ್ತಿದ್ದ ಒಂದು ಸಂಸಾರ ಅಲ್ಲಿ ನಿಲ್ಲುತ್ತದೆ, ಹೆಗಲ ಮೇಲಿನ ಮಗು ಪೀಪಿಯನ್ನು ಹಿಡಿದುಕೊಂಡೇ ನಿದ್ದೆ ಹೋಗಿದೆ.

“ಅಚ್ಚೇರು ಇದ್ದರೆ ಕೊಡಪ್ಪಾ.”

ಗೋಣಿಯ ಬಾಯನ್ನು ಮತ್ತೆ ಬಿಚ್ಚಿ ಆಕೆಯೇ ಅಳೆದು ಹಾಕುತ್ತಾಳೆ. ಕೊಸರನ್ನು ಚೀಲಕ್ಕೆ ಹಾಕುವುದಿಲ್ಲ. ಮಲಗಿರುವ ಮಗುವಿನ ಸ್ವೆಟರಿನ ಜೇಬಿಗೆ ಮೆಲ್ಲನೆ ತುಂಬುತ್ತಾಳೆ.